ಏಲಕ್ಕಿ ಬೆಳೆಯದ ಏಲಕ್ಕಿಯ ಊರು

ಹಾವೇರಿಯನ್ನು ಏಲಕ್ಕಿ ಕಂಪಿನ ನಾಡೆಂದು ಕರೆಯುವುದು ರೂಢಿ. ಆದರೆ ಹಾವೇರಿಯ ಹೊಲಗಳಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಅದು ಘಟ್ಟದ ತೋಟಗಳ ಬೆಳೆ. ಬಯಲಿಗೆ ಇಳಿದು ಬಂದ ಆ ಸರಕನ್ನು ಇಲ್ಲಿನ ವರ್ತಕರು ಕೊಂಡು, ಈ ಊರಿನ ಬಾವಿಯ ನೀರಿನಲ್ಲಿ ಅಂಟುವಾಳದ ನೊರೆಯೊಡನೆ ತೊಳೆಯಿಸಿ, ಒಣಗಿಸಿ, ಸಿಪ್ಪೆಗೆ ಬಿಳುಪು ತರಿಸಿ ದೂರದ ಪೇಟೆಗಳಿಗೆ ಕಳುಹುತ್ತಿದ್ದರು. ಕಂಪು ಘಟ್ಟದ್ದು, ಹೆಸರು ತೊಳೆದ ಊರಿನದು. ಆ ವ್ಯಾಪಾರ ಕಾಲಕ್ರಮದಲ್ಲಿ ಕರಗಿತು. ಉಳಿದುಕೊಂಡದ್ದು ಏಲಕ್ಕಿಯ ಹಾರ. ರೇಷ್ಮೆದಾರದ ಕುಸುರಿ ಬಲ್ಲ ಪಟವೇಗಾರ ಮನೆತನದವರು ಕಾಯಿಗೆ ಕಾಯಿ ಪೋಣಿಸಿ ಕಟ್ಟುವ ಈ ಹಾರ ಇಂದಿಗೂ ಸನ್ಮಾನದ ವೇದಿಕೆಗಳನ್ನು ಏರುತ್ತದೆ.

ಪುಸ್ತಕಪ್ರಿಯರಿಗೆ ಇಲ್ಲಿ ಇನ್ನೊಬ್ಬ ವ್ಯಾಪಾರಿಯ ನೆನಪಾಗಬೇಕು. ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅಂಗಡಿಯಿಲ್ಲದ ಆ ಅಂಗಡಿಕಾರರು ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟ ಬಗೆ ಅದು.

ಬ್ಯಾಡಗಿಯ ಕಥೆಯೂ ಹಾವೇರಿಯದೇ ಜಾಡಿನದು, ಆದರೆ ಬಲು ದೊಡ್ಡದು. ಕಡುಗೆಂಪು ಬಣ್ಣದ, ಖಾರ ಕಡಿಮೆಯ, ಸುಕ್ಕುಗಟ್ಟಿದ ಮೆಣಸಿನಕಾಯಿಗೆ ಈ ಊರಿನ ಹೆಸರು. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರಕಿತು. ಆದರೆ ಪೇಟೆಗೆ ಬಂದು ಬೀಳುವ ಚೀಲಗಳು ಬಳ್ಳಾರಿಯವು, ರಾಯಚೂರಿನವು, ಆಂಧ್ರದವು ಕೂಡ. ಅಷ್ಟು ದೂರದಿಂದ ರೈತನು ಇಲ್ಲಿಗೇ ಏಕೆ ಬರುತ್ತಾನೆ? ತೂಕ ಸರಿಯಿರುತ್ತದೆ, ಬೆಲೆ ಬಹಿರಂಗವಾಗುತ್ತದೆ, ಹಣ ಕೈಸೇರುತ್ತದೆ ಎಂಬ ನಂಬಿಕೆಯೇ ಕಾರಣವೆಂದು ನನ್ನ ಎಣಿಕೆ.

ಈ ನಂಬಿಕೆ ತಾನಾಗಿ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಮುಂಬಯಿ ಪ್ರಾಂತದ ಪೇಟೆಗಳಲ್ಲಿ ದಲಾಲನೂ ಖರೀದಿದಾರನೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಸರಕಿನ ಒಡೆಯನಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಧರ್ಮಕ್ಕೆಂದು ಇಷ್ಟು, ಮಾದರಿಗೆಂದು ಇಷ್ಟು ಮುರಿದುಕೊಳ್ಳುವುದೂ ನಡೆದಿತ್ತು. ಇದಕ್ಕೆ ಕಡಿವಾಣ ಹಾಕಲು 1939ರ ಮುಂಬಯಿ ಕಾಯಿದೆ ಬಂತು. ಏಕೀಕರಣದ ತರುವಾಯ 1966ರ ಕರ್ನಾಟಕದ ಕಾಯಿದೆ. ಪೇಟೆ ಸಮಿತಿ, ಟೆಂಡರ್, ಲೈಸೆನ್ಸು ಪಡೆದ ದಲಾಲರು, ಹಮಾಲರು, ತೊಟ್ಟು ಬಿಡಿಸುವ ಹೆಂಗಸರು, ಇವರೆಲ್ಲರ ಬದುಕು ಒಂದೇ ಪ್ರಾಂಗಣದಲ್ಲಿ ಹೆಣೆದುಕೊಂಡಿತು.

ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದುದೂ ಇಂಥದೇ ಕೈಗೆಲಸದಿಂದ. ಒಂದೊಂದು ಹೂವಿಗೂ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುವ ತಾಳ್ಮೆ ಅಲ್ಲಿನ ಸುತ್ತಲಿನ ಹೊಲಗಳದು.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿಯ ವ್ಯಾಪಾರ. ಚೀಲ ಮಾರಿದ ರೈತ ಖಾನಾವಳಿಯಲ್ಲಿ ಉಂಡು, ಅರಿವೆ ಕೊಂಡು, ಕಿರಾಣಿ ಕಟ್ಟಿಸಿಕೊಂಡು ಊರಿಗೆ ಮರಳಿದರೆ ಬೀದಿಯ ಅಂಗಡಿಗಳಿಗೂ ಅಂದು ಹಬ್ಬವೇ. ಪ್ರಾಂಗಣದ ಬೆಲೆ ಬಿದ್ದರೆ ಆ ಅಂಗಡಿಗಳ ಗಲ್ಲಾಪೆಟ್ಟಿಗೆಯೂ ಬರಿದು. ಸಣ್ಣ ವ್ಯಾಪಾರಿಗಳನ್ನು ಉಳಿಸಬೇಕೆನ್ನುವವರು ಸಾಲದ ಮಾತಾಡುತ್ತಾರೆ, ತೆರಿಗೆಯ ಮಾತಾಡುತ್ತಾರೆ. ಈ ಕೊಂಡಿಯ ಮಾತನ್ನು ಏಕೋ ಆಡುವುದಿಲ್ಲ.

ಅದರ ಬೆಲೆ ಎಷ್ಟೆಂಬುದು 2024ರ ಮಾರ್ಚ್ 11ರಂದು ತಿಳಿಯಿತು. ಅದೂ ಸೋಮವಾರವೇ. ದರ ದಿಢೀರನೆ ಕುಸಿಯಿತೆಂದು ಕೆರಳಿದ ರೈತರು ಪೇಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿ ಯಾರಿಗೂ ನ್ಯಾಯ ಕೊಡಲಿಲ್ಲ, ನಿಜ. ಆದರೆ ನೂರಾರು ಮೈಲಿ ದಾಟಿ ನಂಬಿ ಬಂದವನು ಆ ದಿನ ಬರಿಗೈಯಲ್ಲಿ ಕೇಳಿದ ಪ್ರಶ್ನೆ, ಈ ದರವನ್ನು ಕಟ್ಟಿದವರು ಯಾರು ಎಂಬುದಾಗಿತ್ತು.