ಸೋಗು ಹಾಕಿದ ಓಟ

ಓಡುವವನಿಗೆ ಮೈಮೇಲಿನ ಬಟ್ಟೆ ಹಗುರವಾದಷ್ಟೂ ಮೇಲು. ಇದು ಗರಡಿಮನೆಯ ಹುಡುಗನೂ ಬಲ್ಲ ಮಾತು. ಹೀಗಿರುವಾಗ ಹಬ್ಬದ ನೆಪದಲ್ಲಿ ಹುಲಿಯ ಬಾಲವನ್ನೋ, ರಾಜನ ಕಿರೀಟವನ್ನೋ, ರಾವಣನ ಹತ್ತು ತಲೆಗಳನ್ನೋ ಹೊತ್ತುಕೊಂಡು ಬೆವರು ಸುರಿಸುತ್ತ ಓಡುವವರನ್ನು ಕಂಡರೆ ನಗು ಬರುವುದು ಸಹಜ. ೨೦೦೮ರಲ್ಲಿ ಆರಂಭವಾದ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ, ಗೆಲ್ಲಲೆಂದು ಓಡುವವರ ಜತೆಗೆ ಬರಿಯ ಸಂತೋಷಕ್ಕೆಂದು ಓಡುವವರಿಗೂ 'ಮಜಾ ರನ್' ಎಂಬ ವಿಭಾಗ ಬಂದಿದೆ. ಅಲ್ಲಿ ವೇಷ ಹಾಕಿ ಬರುವವರದೇ ಒಂದು ಜಾತ್ರೆ. ಇದನ್ನು ನೋಡಿದ ಹಿರಿಯರು, "ಪರದೇಶದಿಂದ ಬಂದ ಇನ್ನೊಂದು ಹುಚ್ಚು" ಎಂದು ತಲೆಯಾಡಿಸುವುದುಂಟು. ಆ ಮಾತು ಅರ್ಧ ಮಾತ್ರ ನಿಜ. ಓಟದ ಸಂಘವೆಂಬುದು ಹೊರಗಿನಿಂದ ಬಂದದ್ದಾದೀತು. ವೇಷ ಹಾಕಿ ಬೀದಿಯಲ್ಲಿ ಓಡುವುದು ಮಾತ್ರ ನಮ್ಮ ಮನೆಯದೇ.

ಹೊರಗಿನ ಕಥೆಯನ್ನು ಮೊದಲು ಮುಗಿಸಿಬಿಡೋಣ. ಇಂಗ್ಲೆಂಡಿನ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ 'ಮೊಲ ಮತ್ತು ಬೇಟೆನಾಯಿ' ಎಂಬ ಆಟ ಬೆಳೆಯಿತು. ಮೊಲವಾದವನು ಕಾಗದದ ಚೂರುಗಳನ್ನು ಚೆಲ್ಲುತ್ತ ಮುಂದೆ ಓಡಬೇಕು. ನಾಯಿಗಳಾದವರು ಆ ಜಾಡು ಹಿಡಿದು ಬೆನ್ನಟ್ಟಬೇಕು. ೧೮೬೮ರಲ್ಲಿ ಲಂಡನ್ನಿನ ಬಳಿ ಹುಟ್ಟಿದ 'ಥೇಮ್ಸ್ ಹೇರ್ ಅಂಡ್ ಹೌಂಡ್ಸ್' ಎಂಬ ಸಂಘದ ಹೆಸರೇ ಈ ಆಟದ್ದು. ೧೯೩೮ರಲ್ಲಿ ಮಲಯದ ಕೌಲಾಲಂಪುರದಲ್ಲಿದ್ದ ಕೆಲವರು ಬ್ರಿಟಿಷ್ ನೌಕರರು ಇದನ್ನೇ ಹಿಡಿದು 'ಹ್ಯಾಶ್ ಹೌಸ್ ಹ್ಯಾರಿಯರ್ಸ್' ಎಂಬ ಕೂಟ ಕಟ್ಟಿದರು. ಅವರು ಊಟಮಾಡುತ್ತಿದ್ದ ಮನೆಗೆ, ಅಲ್ಲಿಯ ಸಪ್ಪೆ ಅಡಿಗೆಯ ದೆಸೆಯಿಂದ, ಬಿದ್ದಿದ್ದ ಅಡ್ಡಹೆಸರೇ ಕೂಟದ ಹೆಸರಾಯಿತು. ಸ್ಥಾಪಕರಲ್ಲಿ ಮುಖ್ಯನಾದ ಗಿಸ್ಪರ್ಟ್ ೧೯೪೨ರ ಸಿಂಗಾಪುರದ ಯುದ್ಧದಲ್ಲಿ ಮಡಿದ. ಆದರೆ ಕೂಟ ಸಾಯಲಿಲ್ಲ. ಯುದ್ಧ ಮುಗಿದ ಮೇಲೆ ಮತ್ತೆ ಚಿಗುರಿ, ಮುಂದಿನ ದಶಕಗಳಲ್ಲಿ ದೇಶದೇಶಗಳಿಗೆ ಹಬ್ಬಿತು. ಗಂಡಸರೂ ಹೆಂಗಸರೂ ಕೆಂಪು ಲಂಗ ತೊಟ್ಟು ಓಡಿ ಧರ್ಮಕಾರ್ಯಕ್ಕೆ ಹಣ ಕೂಡಿಸುವ ವಾಡಿಕೆ, ೧೯೮೦ರ ದಶಕದ ಕೊನೆಯಲ್ಲಿ, ಇದೇ ಕೂಟದ ಅಮೆರಿಕದ ಶಾಖೆಯಲ್ಲಿ ಹುಟ್ಟಿದ್ದು.

ಈಗ ನಮ್ಮ ಕಡೆಗೆ ಬರೋಣ. ವಿಜಯಪುರ ಜಿಲ್ಲೆಯಲ್ಲಿ ಸಿಂದಗಿಯ ಸೀಮೆಗೆ ಸೇರಿದ್ದು, ಈಚೆಗೆ ತಾನೇ ತಾಲ್ಲೂಕಾದ ದೇವರ ಹಿಪ್ಪರಗಿ ಎಂಬ ಊರಿದೆ. ಅಲ್ಲಿಯ ಮಲ್ಲಯ್ಯ-ರಾವುತರಾಯರ ಜಾತ್ರೆ ಸುತ್ತಿನ ಸೀಮೆಗೆಲ್ಲ ಹೆಸರಾದದ್ದು. ಮೈಲಾರ, ಮಲ್ಲಯ್ಯ, ಖಂಡೋಬ ಎಂದು ಕನ್ನಡ ಮರಾಠಿ ನಾಡುಗಳೆರಡೂ ಕೊಂಡಾಡುವ ಈ ದೈವ ಕುದುರೆಯೇರಿದ ವೀರ. ಅವನ ಸಂಗಾತಿ ನಾಯಿ. ಆದ್ದರಿಂದ ಅವನಿಗೆ ಹರಕೆ ಹೊತ್ತ ಭಕ್ತರು ನಾಯಿಯೇ ಆಗುತ್ತಾರೆ. ವಗ್ಗಯ್ಯನೆಂದೂ ಗೊರವನೆಂದೂ ಕರೆಯಿಸಿಕೊಳ್ಳುವ ಆತ ಕಂಬಳಿಯ ಉಡುಪು ತೊಟ್ಟು, ಕವಡೆಯ ಸರ ಹಾಕಿ, ಭಂಡಾರದ ಚೀಲ ಕಟ್ಟಿ, 'ಏಳು ಕೋಟಿ' ಎಂದು ಕೂಗುತ್ತ ಬರುತ್ತಾನೆ. ನಾಯಿಯಂತೆ ಬೊಗಳುತ್ತಾನೆ, ದೋಣಿಯೆಂಬ ಬಟ್ಟಲಲ್ಲಿ ಹಾಕಿದ ನೈವೇದ್ಯಕ್ಕೆ ಬಾಯಿ ಹಚ್ಚಿ ತಿನ್ನುತ್ತಾನೆ.

ಇಂಗ್ಲೆಂಡಿನ ಶಾಲೆಯ ಹುಡುಗರು ನಾಯಿಗಳಾದದ್ದು ಆಟಕ್ಕೆ; ದಖ್ಖಣದ ಒಕ್ಕಲಿಗ ಕುರುಬರು ನಾಯಿಗಳಾದದ್ದು ನೋಂಪಿಗೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಯಾರೂ ಹೇಳಲಾರರು. ಆದರೆ ಮನುಷ್ಯನು ವರ್ಷಕ್ಕೊಮ್ಮೆಯಾದರೂ ತನ್ನ ಮನುಷ್ಯತನದ ಭಾರವನ್ನಿಳಿಸಿ ಮತ್ತೊಂದು ಪ್ರಾಣಿಯಾಗಿ ಓಡಬಯಸುತ್ತಾನೆಂಬುದು ಎರಡರಿಂದಲೂ ತಿಳಿಯುತ್ತದೆ.

ಇದೇ ಸೀಮೆಯ ಮೊಹರಮ್ಮು ಇನ್ನೂ ವಿಚಿತ್ರವಾದದ್ದು. ಅದು ಕ್ರಿ.ಶ. ೬೮೦ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ಶೋಕದ ಹಬ್ಬ. ಬಿಜಾಪುರದ ರಾಜ್ಯ ಕಟ್ಟಿದ ಯೂಸುಫ್ ಆದಿಲ್‌ಶಾಹನು ಹದಿನಾರನೆಯ ಶತಮಾನದ ಆರಂಭದಲ್ಲೇ ಷಿಯಾ ಪಂಥವನ್ನು ಎತ್ತಿಹಿಡಿದ. ಮುಂದಿನ ಸುಲ್ತಾನರಲ್ಲಿ ಕೆಲವರು ಸುನ್ನಿಗಳು, ಕೆಲವರು ಷಿಯಾಗಳು. ೧೬೮೬ರಲ್ಲಿ ಔರಂಗಜೇಬನು ಆ ರಾಜ್ಯವನ್ನೇ ಮುಗಿಸಿದ. ರಾಜ್ಯ ಹೋಯಿತು, ಹಬ್ಬ ಉಳಿಯಿತು. ಉಳಿದದ್ದು ಅರಮನೆಯಲ್ಲಲ್ಲ, ಹಳ್ಳಿಗಳಲ್ಲಿ, ಅಲಾಯಿ ಹಬ್ಬವೆಂಬ ಕನ್ನಡದ ಹೆಸರಿನಲ್ಲಿ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲಿಯೂ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ರಿವಾಯತ್ ಪದಗಳನ್ನು ಕನ್ನಡದಲ್ಲಿಯೇ ಹಾಡುತ್ತಾರೆ. ಪಂಜಾ ಹೊತ್ತವನು ಮೈದುಂಬಿ ಬೀದಿಯಲ್ಲಿ ಓಡುವಾಗ ಹಿಂದೆ ಊರೇ ಓಡುತ್ತದೆ. ಆ ಗುಂಪಿನಲ್ಲಿ ಹಳದಿ ಕಪ್ಪು ಪಟ್ಟೆ ಬಳಿದುಕೊಂಡ ಹುಲಿಗಳಿರುತ್ತವೆ. ಮೈಗೆ ಮಸಿ ಬಳಿದು, ಗಂಟೆ ಕಟ್ಟಿ, ಉದ್ದನೆಯ ಟೊಪ್ಪಿಗೆ ಇಟ್ಟ ಅಳ್ಳೊಳ್ಳಿ ಬವ್ವಗಳಿರುತ್ತಾರೆ. ಶೋಕದ ಹಬ್ಬದಲ್ಲಿ ನಗೆಯ ವೇಷವೇಕೆಂದು ಪಂಡಿತರು ಕೇಳಬಹುದು. ಹುಲಿಯಾದವನ ತಾಯಿಯನ್ನು ಕೇಳಿದರೆ, ಮಗನಿಗೆ ಜಡ್ಡಾದಾಗ ಹೊತ್ತ ಹರಕೆ ಎಂದಾಳು. ಹುಸೇನರಿಗೆ ಹರಕೆ ಹೊತ್ತ ಆ ತಾಯಿ ಮಲ್ಲಯ್ಯನ ಒಕ್ಕಲಾಗಿರುವುದೂ ಉಂಟು.

ಬಾಗಲಕೋಟೆಯ ಹೋಳಿಗೆ ಇಂಥ ಹರಕೆಯ ಭಾರವಿಲ್ಲ. ೧೯೯೭ರವರೆಗೆ ಬಿಜಾಪುರ ಜಿಲ್ಲೆಯಲ್ಲೇ ಇದ್ದ ಆ ಊರಲ್ಲಿ ಕಿಲ್ಲಾ, ಹಳಪೇಟ, ಜೈನಪೇಟ, ವೆಂಕಟಪೇಟ, ಹೊಸಪೇಟ ಎಂಬ ಓಣಿಗಳು ಒಂದರೊಡನೊಂದು ಸ್ಪರ್ಧೆಗಿಳಿದು ಹಲಗೆ ಬಾರಿಸುತ್ತವೆ, ಬಂಡಿಗಳಲ್ಲಿ ಬಣ್ಣದ ಪೀಪಾಯಿಗಳನ್ನು ಹೇರಿಕೊಂಡು ಬರುತ್ತವೆ, ಸೋಗಿನ ಬಂಡಿಗಳನ್ನು ಹೊರಡಿಸುತ್ತವೆ. ಸಂಘವೆಂಬ ಶಬ್ದವಿಲ್ಲದಿದ್ದರೂ ಓಣಿಯೇ ಅಲ್ಲಿ ಸಂಘ, ವರ್ಗಣಿಯೇ ಚಂದಾ. ಆಲಮಟ್ಟಿಯ ಹಿನ್ನೀರಿಗೆ ಊರಿನ ದೊಡ್ಡ ಭಾಗ ಮುಳುಗಿ ಎಷ್ಟೋ ಮನೆಗಳು ನವನಗರಕ್ಕೆ ಹೋದ ಮೇಲೂ ಹಬ್ಬಕ್ಕೆ ಹಲಗೆ ನುಡಿಯುವುದು ಹಳೆಯ ಓಣಿಗಳ ಹೆಸರಿನಲ್ಲಿಯೇ.

ವೇಷದ ಕಥೆಗೆ ಇನ್ನೊಂದು ಮಗ್ಗುಲಿದೆ. ಹನ್ನೆರಡನೆಯ ಶತಮಾನದ ಶರಣರು ಬೂಟಾಟಿಕೆಯ ವೇಷವನ್ನು ನಿಷ್ಠುರವಾಗಿ ಹಳಿದವರು. ಆದರೂ ವೇಷ ಹಾಕುವುದನ್ನೇ ಕಾಯಕ ಮಾಡಿಕೊಂಡ ಬಹುರೂಪಿ ಚೌಡಯ್ಯನಿಗೆ, ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಗೆ ತಮ್ಮ ನಡುವೆ ಸಮಾನವಾದ ಗದ್ದುಗೆ ಕೊಟ್ಟರು. ಅದೇ ಬಳಗದಲ್ಲಿ ಬಟ್ಟೆಯನ್ನು ಮಡಿಮಾಡುವ ಕಾಯಕದ ಮಾಚಿದೇವನಿದ್ದ. ಅವನ ಊರೇ ಈ ದೇವರ ಹಿಪ್ಪರಗಿ. ವೇಷ ಸುಳ್ಳಾಗುವುದು ಅದನ್ನು ನಿಜವೆಂದು ನಂಬಿಸಹೊರಟಾಗ. ವೇಷವನ್ನು ವೇಷವೆಂದೇ ತೋರಿಸುವವನು ಪ್ರಾಮಾಣಿಕನೇ. ಶರಣರಿಗೆ ಈ ಭೇದ ಗೊತ್ತಿತ್ತು.

ನಮಗೆ ಗೊತ್ತಿದೆಯೆ? ಬಹುರೂಪಿಯ ವಂಶದವರಂತಿರುವ ಹಗಲುವೇಷದವರು ನೆರಳು-ದೀಪಗಳ ಹಂಗಿಲ್ಲದೆ, ಹಾಡುಹಗಲಲ್ಲಿ, ರಾಮ ರಾವಣ ಭೀಮರಾಗಿ ಬೀದಿಯಲ್ಲಿ ಕುಣಿದು, ಕಡೆಗೆ ಮನೆಮನೆಯ ಮುಂದೆ ಕಾಳುಕಡಿ ಬೇಡುತ್ತ ಬಂದವರು. ಅವರಿಗೆ ಊರೂರು ಅಲೆಯುವುದೇ ಬಾಳು. ನಗರದ ಓಟಗಾರನು ವೇಷ ಹಾಕಲು ತಾನೇ ಹಣ ತೆತ್ತು ಹೆಸರು ಬರೆಸಿಕೊಳ್ಳುತ್ತಾನೆ. ಹಗಲುವೇಷದವನು ವೇಷ ಹಾಕಿದರೆ ಹಣ ಸಿಕ್ಕೀತೆಂದು ಕಾಯುತ್ತಾನೆ. ಮೊದಲಿನವನಿಗೆ ಚಪ್ಪಾಳೆ, ಕೊರಳಿಗೆ ಪದಕ. ಎರಡನೆಯವನಿಗೆ ಅನೇಕ ವೇಳೆ ಮುಚ್ಚಿದ ಬಾಗಿಲು. ವೇಷ ಎರಡೂ ಕಡೆ ಒಂದೇ, ಬಣ್ಣವೂ ಒಂದೇ.

ನಗರದ ಓಟಗಾರರು ತಮ್ಮ ಸಂತೋಷವನ್ನು ಬಿಡಬೇಕೆಂದು ಇದನ್ನು ಹೇಳಲಿಲ್ಲ. ವರ್ಷವೆಲ್ಲ ಕಚೇರಿಯ ಕುರ್ಚಿಗೆ ಅಂಟಿಕೊಂಡವನು ಒಂದು ಬೆಳಗ್ಗೆ ಹುಲಿಯಾಗಿ ಓಡಿದರೆ ಅವನ ಆಯುಸ್ಸೂ ಹೆಚ್ಚೀತು, ಅಹಂಕಾರವೂ ತಗ್ಗೀತು. ಆದರೆ ತಾನು ತೊಟ್ಟದ್ದು ಅಂಗಡಿಯಿಂದ ತಂದ ಹೊಸ ಉಡುಪಷ್ಟೇ ಅಲ್ಲ, ಹಿಪ್ಪರಗಿಯ ವಗ್ಗಯ್ಯನೂ ಅಲಾಯಿಯ ಹುಲಿಯೂ ಬಹುರೂಪಿ ಚೌಡಯ್ಯನೂ ತೊಟ್ಟು ಕೊಟ್ಟ ಹಳೆಯ ಅಂಗಿ ಎಂಬ ನೆನಪು ಅವನಿಗಿರಲಿ. ಆಗ ಓಟ ಮುಗಿಸಿ ಮನೆಗೆ ಬಂದಾಗ, ಬಾಗಿಲಲ್ಲಿ ಗದೆ ಹಿಡಿದು ನಿಂತ ಬಡ ಭೀಮಸೇನನನ್ನು ಆತ ಬೇಡುವವನೆಂದು ಕಾಣಲಾರ. ತನಗಿಂತ ಹಿರಿಯನಾದ ಓಟಗಾರನೆಂದೇ ಕಂಡಾನು.