ಗ್ಯಾರೇಜಿನಾಗ ಸಿಕ್ಕಿಬಿದ್ದ ಗಾಡಿ, 1872ರ ಕಾಯ್ದೆ

ಹೋದ ದೀಪಾವಳಿ ಹಿಂದಿನ ವಾರ ನಮ್ಮ ಕಾರಿನ ಕ್ಲಚ್ ಕೆಟ್ಟು ಗ್ಯಾರೇಜಿಗೆ ಬಿಟ್ಟಿದ್ವಿ. ಅಂದಾಜು 8,500 ರೂಪಾಯಿ ಅಂತ ಚೀಟಿ ಬರದು ಕೊಟ್ಟಿದ್ರು. ಐದು ದಿನ ಬಿಟ್ಟು ತರಲಿಕ್ಕೆ ಹೋದ್ರ ಬಿಲ್ಲು 21,700! ನಡುವ ಒಂದು ಫೋನಿಲ್ಲ, ಕೇಳಿದ್ದಿಲ್ಲ. "ಪೂರಾ ರೊಕ್ಕ ಕೊಡೋತನಕ ಗಾಡಿ ಬಿಡಂಗಿಲ್ರಿ ಅಕ್ಕಾರ" ಅಂದುಬಿಟ್ರು. ಮನಿಯವರು ಕಿಸೆಕ್ಕ ಕೈ ಹಾಕಿದ್ರು, ನಾ ತಡದೆ. ಮಗಳ ಬಾಣಂತನಕ್ಕಂತ ತೆಗೆದಿಟ್ಟ ರೊಕ್ಕ ಅದು.

ನಮ್ಮ ಗಾಡಿ ತಡದು ಇಟ್ಕೊಳ್ಳೋ ಹಕ್ಕು ಇವರಿಗೆ ಯಾರು ಕೊಟ್ರು ಅಂತ ಸಿಟ್ಟು ಬಂದಿತ್ತು. ಅಣ್ಣನ ಮಗ ವಕೀಲ ಇದ್ದಾನ, ಅವನ್ನ ಕೇಳಿದ್ರ ನಕ್ಕು, "ಅತ್ತೀ, ಆ ಹಕ್ಕು ಇಂಗ್ಲಿಷರ ಕಾಲದ್ದು" ಅಂತ ಪುಸ್ತಕ ತಂದು ಕೊಟ್ಟ. 1872ರ ಕರಾರು ಕಾಯ್ದೆ, 170ನೇ ಕಲಂ. ನಮ್ಮ ಸಾಮಾನಿನ ಮ್ಯಾಲ ಕೈಗೆಲಸ ಮಾಡಿದಾಂವ ತನಗ ಬರಬೇಕಾದ ಕೂಲಿ ಬರೋತನಕ ಅದನ್ನ ಇಟ್ಕೋಬಹುದು. ಆಗ ಮೋಟಾರೇ ಇರಲಿಲ್ಲ ನೋಡ್ರಿ, ಹಿಂಗಾಗಿ ಕಾಯ್ದೆಯೊಳಗ ಕೊಟ್ಟ ಉದಾಹರಣಿ ವಜ್ರದ್ದು. ಒರಟು ವಜ್ರ ಕಡದು ಹೊಳಪು ಮಾಡಲಿಕ್ಕೆ ಕೊಟ್ರ, ಕೂಲಿ ಕೊಡೋತನಕ ಆ ಕೆಲಸಗಾರ ಅದನ್ನ ಇಟ್ಕೋಬಹುದು. ಅದರ ಕೆಳಗ ಸಿಂಪಿಗ್ಯಾಂದು: ಕೋಟು ಹೊಲದಕೂಡ್ಲೇ ಕೊಡ್ತೀನಿ, ರೊಕ್ಕ ಮೂರು ತಿಂಗಳು ಬಿಟ್ಟು ಕೊಡ್ರಿ ಅಂತ ಮಾತು ಕೊಟ್ಟಿದ್ರ ಅಂವ ಕೋಟು ತಡಿಯೋಹಂಗಿಲ್ಲ. ಅಂದ್ರ ಮೊದಲು ಆಡಿದ ಮಾತಿಗೆ ಬೆಲಿ ಅದ. ನಮ್ಮ ಕೈಯಾಗಿನ ಚೀಟಿ ಅಂಥಾದ್ದೇ ಒಂದು ಮಾತು ಅಂತ ನನಗ ಅವಾಗ ಹೊಳೀತು. ಕೂಲಿ ಇಟ್ಕೋರಿ, ಆದ್ರ ನಾವು ಹೇಳದ ಕೆಲಸದ ಕೂಲಿ ಹೆಂಗ ಬರ್ತದ?

ಮೊದಲಿನ ಕಾಲದಾಗ ಇದನ್ನ ಕೇಳಬೇಕಂದ್ರ ಸಿವಿಲ್ ಕೋರ್ಟೇ ಗತಿ. ವಕೀಲರ ಫೀ, ಕೋರ್ಟ್ ಫೀ, ತಾರೀಖಿನ ಮ್ಯಾಲ ತಾರೀಖು. ಕ್ಲಚ್ಚಿನ ಸಲುವಾಗಿ ಯಾರು ಹೋಗ್ತಾರ? 1962ರ ಮಾರ್ಚ್ 15ಕ್ಕ ಅಮೆರಿಕಾದ ಅಧ್ಯಕ್ಷ ಕೆನಡಿ ಗಿರಾಕಿಗೆ ನಾಲ್ಕು ಹಕ್ಕು ಅವ ಅಂತ ಅಲ್ಲಿನ ಸಂಸತ್ತಿಗೆ ಹೇಳಿದ್ರು: ಸುರಕ್ಷತೆ, ಮಾಹಿತಿ, ಆಯ್ಕೆ, ತನ್ನ ಮಾತು ಕೇಳಿಸೋದು. ನಮ್ಮಲ್ಲೆ ಅದಕ್ಕ ಮತ್ತ ಇಪ್ಪತ್ನಾಲ್ಕು ವರ್ಷ ಬೇಕಾತು.

ನಡುವ 1983ರ ಡಿಸೆಂಬರದಾಗ ಮಾರುತಿ 800 ರಸ್ತೆಗೆ ಇಳೀತು. ಅಲ್ಲಿತನಕ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇದ್ದವರೇ ದೊಡ್ಡವರು. ನಮ್ಮಂಥವರೂ ಕಾರಿನ ಆಸೆ ಮಾಡಲಿಕ್ಕೆ ಹತ್ತಿದ್ದು ಆಮ್ಯಾಲೆ. ಮೂರು ವರ್ಷಕ್ಕ, 1986ರ ಡಿಸೆಂಬರ್ 24ಕ್ಕ, ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸಾಮಾನಷ್ಟೇ ಅಲ್ಲ, ರೊಕ್ಕ ಕೊಟ್ಟು ಮಾಡಿಸ್ಕೊಂಡ ಸೇವೆಯೂ ಅದರಾಗ ಬಂತು. ರಿಪೇರಿ ಅಂದ್ರ ಸೇವೆನೇ ಅಲ್ಲೇನು? ಜಿಲ್ಲಾ ವೇದಿಕೆಯೊಳಗ ಒಬ್ಬಾಕಿ ಹೆಣ್ಣುಮಗಳು ಇರಲೇಬೇಕು ಅಂತ ಬರದಿದ್ರು. ಇದನ್ನ ಓದಿ ನನಗ ಭಾಳ ಖುಷಿ ಆತು. ಮನಿ ಖರ್ಚಿನ ಲೆಕ್ಕ ನಮಗಲ್ದ ಯಾರಿಗೆ ಗೊತ್ತು?

ಈಗ ಆ ಕಾಯ್ದೆ ಹೋಗಿ 2019ರದು ಬಂದದ. 2020ರ ಜುಲೈ 20ರಿಂದ ಜಾರಿ. ವೇದಿಕೆ ಹೋಗಿ ಆಯೋಗ ಆಗೇದ. ನಾವಿದ್ದ ಊರಾಗೇ ದೂರು ಕೊಡಬಹುದು, ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ರ ಫೀ ಇಲ್ಲ. ಬಿಲ್ಲು ಕೊಡದಿದ್ರೂ ತಪ್ಪೇ.

ಮರುದಿವಸ ಚೀಟಿ ಹಿಡಕೊಂಡು ನಾನೇ ಹೋದೆ. "ಬದಲಾಯಿಸಿದ ಹಳೇ ಸಾಮಾನು ತೋರಸ್ರಿ" ಅಂದೆ. ಕ್ಲಚ್ ಪ್ಲೇಟು ತಂದಿಟ್ರು, ಬೇರಿಂಗೂ ತಂದ್ರು. ಬೇರಿಂಗ್ ಖರೇನೇ ಸವದಿತ್ತು, ಅದರ 2,900 ನಾ ಒಪ್ಪಿದೆ. ಬ್ರೇಕ್ ಶೂ ತೋರಿಸಲಿಕ್ಕೆ ಆಗಲಿಲ್ಲ, ಎಸಿ ಸ್ವಚ್ಛ ಮಾಡು ಅಂತ ನಾವು ಹೇಳೇ ಇಲ್ಲ. ಆ 6,400 ಹೊಡದು ಹಾಕಿದ್ರು. ಉಳಿದ 3,900 "ಇತರೆ ಲೇಬರ್" ಅಂತ, ಅದಕ್ಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಗಾಡಿ ಬೇಕಿತ್ತು, ಮಗಳನ್ನ ಕರಕೊಂಡು ಬರಬೇಕಿತ್ತು. 15,300 ಕೊಟ್ಟು, "ಇದರಾಗ 3,900 ತಕರಾರು ಇಟ್ಟು ಕೊಟ್ಟೀವಿ" ಅಂತ ಅವರ ಬಿಲ್ಲಿನ ಪ್ರತಿ ಮ್ಯಾಲ ನನ್ನ ಕೈಯಾರೆ ಬರದು ಸಹಿ ಮಾಡಿ ಬಂದೆ. ರಿಜಿಸ್ಟರ್ ಪತ್ರ ಕಳಿಸಿ ಆಗೇದ, ಉತ್ತರ ಬಂದಿಲ್ಲ. ದೂರು ಕೊಡಲಿಕ್ಕೆ ಎರಡು ವರ್ಷ ಅವಕಾಶ ಅದ. ಮೊಮ್ಮಗಳಿಗೆ ಮೂರು ತಿಂಗಳು ತುಂಬಲಿ, ಆಮ್ಯಾಲೆ ಜಿಲ್ಲಾ ಆಯೋಗಕ್ಕ ಹೋಗೋದದ.