ಬಿಸಿಲಿಗೆ ಬಗ್ಗದ ರಬ್ಬರ್

ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆ ತೋಟದಲ್ಲಿ ಹನಿ ನೀರಾವರಿಯ ಲ್ಯಾಟರಲ್ ಪೈಪು ಸಬ್‌ಮೇನಿಗೆ ಸೇರುವ ತೂತಿನಲ್ಲಿ ಗ್ರೊಮೆಟ್ ಎಂಬ ಒಂದು ಚಿಕ್ಕ ರಬ್ಬರ್ ಉಂಗುರ ಕೂತಿರುತ್ತದೆ. ಅದು ಬಿಗಿಯಾಗಿ ಒತ್ತಿಕೊಂಡಿರುವವರೆಗೆ ನೀರು ಸೋರದು. ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುವ ಇಂಡಿ, ಸಿಂದಗಿ ಸೀಮೆಯಲ್ಲಿ ಕರಿ ಪೈಪಿನ ಮೈ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಮುದ್ದೇಬಿಹಾಳದ ಏತ ನೀರಾವರಿ ಪಂಪುಗಳಿಗೂ, ಬಸವನಬಾಗೇವಾಡಿ ಕಡೆಯ ಕೂಡಗಿಯ 2400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಕೇಬಲ್‌ಗಳಿಗೂ ಇದೇ ಪರೀಕ್ಷೆ. ಬಾಯ್ಲರಿನ 500 ಡಿಗ್ರಿ ಮೀರಿದ ಉಗಿಯೆದುರು ಯಾವ ರಬ್ಬರೂ ನಿಲ್ಲದು, ಆ ಮಾತು ಬೇರೆ. ಅದರ ಸುತ್ತಲಿನ ಬಿಸಿಯಲ್ಲಿ ವರ್ಷಗಟ್ಟಲೆ ದುಡಿಯುವ ವಸ್ತುವಿನ ಗುಣವನ್ನು ಅದು ಕರಗುವ ಡಿಗ್ರಿಯಿಂದ ಅಳೆಯಬಾರದು. ಒತ್ತಿ ಬಿಟ್ಟ ಮೇಲೆ ಎಷ್ಟು ಮರಳಿ ಏಳುತ್ತದೆ ಎಂಬುದರಿಂದ ಅಳೆಯಬೇಕು.

1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ರಬ್ಬರಿನ ಅಣು ಸರಪಳಿಗಳಿಗೆ ಬಿಡಿಸಲಾಗದ ಗಂಟು ಬಿತ್ತು. ಅದು ಗಟ್ಟಿಯಾಯಿತು, ಆದರೆ ಮತ್ತೆ ಕರಗಿಸಿ ಅಚ್ಚು ಹಾಕುವ ದಾರಿ ಮುಚ್ಚಿತು. 1960ರ ದಶಕದಲ್ಲಿ ಶೆಲ್ ಕಂಪನಿ ತಂದ ಸ್ಟೈರೀನ್-ಬ್ಯುಟಡೈಯೀನ್ ರಬ್ಬರಿನಲ್ಲಿ ಆ ಗಂಟಿನ ಕೆಲಸವನ್ನು ಪಾಲಿಸ್ಟೈರೀನಿನ ಗಟ್ಟಿ ಗುಳಿಗೆಗಳು ಮಾಡಿದವು. ಕಾಸಿದರೆ ಗಂಟು ಸಡಿಲ, ಆರಿದರೆ ಬಿಗಿ. ಗುಳಿಗೆಗಳು 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತವೆ, ಒತ್ತಡವಿದ್ದರೆ ಅದಕ್ಕೂ ಮುಂಚೆಯೇ ಸರಿಯತೊಡಗುತ್ತವೆ. ನಡುವಿನ ಸರಪಳಿಗೆ ಹೈಡ್ರೋಜನ್ ಸೇರಿಸಿ ಮಾಡಿದ ಎಸ್‌ಇಬಿಎಸ್ ಗಾಳಿ, ಬಿಸಿಲಿಗೆ ಸುಲಭವಾಗಿ ಬಿರುಕು ಬಿಡಲಿಲ್ಲ. ಆದರೂ ಗಂಟು ಅದೇ ಪಾಲಿಸ್ಟೈರೀನು. ಬಿಸಿಲಿಗೆ ಹಳತಾಗುವುದು ಒಂದು ರೋಗ, ಬಿಸಿಗೆ ಮೆತ್ತಗಾಗುವುದು ಇನ್ನೊಂದು. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ವಾಸಿ ಮಾಡದು. ಡ್ಯುಪಾಂಟ್‌ನ ಹೈಟ್ರೆಲ್ ಪಾಲಿಎಸ್ಟರ್ ಹರಳುಗಳನ್ನೇ ಗಂಟಾಗಿಸಿ ಹೆಚ್ಚಿನ ಬಿಸಿ ತಾಳಿತು. ಬಿಸಿನೀರಿನಲ್ಲಿ ಬಹುಕಾಲ ಮುಳುಗಿದರೆ ಮಾತ್ರ ಅದರ ಸರಪಳಿ ತುಂಡಾಗುತ್ತದೆ.

ದೊಡ್ಡ ತಿರುವು ಬಂದದ್ದು ಬೇರೆ ದಾರಿಯಿಂದ. ಕರಗಿದ ಪಾಲಿಪ್ರೊಪಿಲೀನಿನಲ್ಲಿ ಇಪಿಡಿಎಂ ರಬ್ಬರನ್ನು ಜೋರಾಗಿ ಕಡೆಯುತ್ತಲೇ ಗಂಟು ಹಾಕಿದರೆ, ಬೆಂದ ರಬ್ಬರ್ ಮೈಕ್ರಾನ್ ಗಾತ್ರದ ಕಣಗಳಾಗಿ ಪ್ಲಾಸ್ಟಿಕ್ಕಿನಲ್ಲಿ ಹರಡುತ್ತದೆ. 1960ರ ದಶಕದ ಆರಂಭದಲ್ಲೇ ಗೆಸ್ಲರ್ ಎಂಬ ಸಂಶೋಧಕರು ಇದರ ಸುಳಿವು ಕೊಟ್ಟಿದ್ದರು. ಮಾನ್‌ಸ್ಯಾಂಟೊ ಕಂಪನಿಯ ಕೊರಾನ್ ಮತ್ತು ಪಟೇಲ್ ಪೂರ್ತಿ ಬೇಯಿಸಿ ತೋರಿಸಿದ ಮೇಲೆ 1981ರಲ್ಲಿ ಸ್ಯಾಂಟೊಪ್ರೀನ್ ಮಾರುಕಟ್ಟೆಗೆ ಬಂತು. ಸುಮಾರು 135 ಡಿಗ್ರಿಯವರೆಗೆ ಬಾಳುವ ಈ ವರ್ಗ ಹನಿ ನೀರಾವರಿಯ ಬಿಸಿಗೆ ಬೇಕಾದ್ದಕ್ಕಿಂತ ಮುಂದಿದೆ. ಖರಗ್‌ಪುರ ಐಐಟಿಯ ಎಸ್.ಕೆ. ಡೇ ಮತ್ತು ಅನಿಲ್ ಭೌಮಿಕ್ ಇಂಥ ಬೆರಕೆಗಳ ಮೇಲೆ 1990ರಲ್ಲಿ ಗ್ರಂಥವನ್ನೇ ಸಂಪಾದಿಸಿದರು.

ಹಳೆಯ ಇಪಿಡಿಎಂ, ಸಿಲಿಕೋನ್ ಇರುವಾಗ ಇದೆಲ್ಲ ಯಾಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಂದೇ ಬಿಸಿಯಲ್ಲಿ ತಿಂಗಳುಗಟ್ಟಲೆ ಒತ್ತಿಕೊಂಡಿರುವ ಸೀಲಿಗೆ ಇಂದಿಗೂ ಅವೇ ಮೇಲು. ಅಲ್ಲಿ ಅವನ್ನು ಬದಲಿಸುವುದು ತಪ್ಪು. ಆದರೆ ಲಕ್ಷಗಟ್ಟಲೆ ಬೇಕಾಗುವ ಸಣ್ಣ ಭಾಗಗಳಲ್ಲಿ, ಕರಗಿಸಿ ಅಚ್ಚು ಹಾಕಬಹುದಾದ ಈ ಹೊಸ ರಬ್ಬರಿನಿಂದ ಅಚ್ಚಿನ ಸಮಯ ಉಳಿಯುತ್ತದೆ, ಉಳಿದ ಚೂರು ಮತ್ತೆ ಕರಗಿ ಕೆಲಸಕ್ಕೆ ಬರುತ್ತದೆ. ಎರಡರ ನಡುವೆ ತೀರ್ಮಾನ ಹೇಳಬೇಕಾದದ್ದು, ಒತ್ತಿ ಬಿಟ್ಟ ಮೇಲೆ ಎಷ್ಟು ಮರಳಿ ಏಳದೆ ಉಳಿಯಿತು ಎಂದು ಅಳೆಯುವ ಶಾಶ್ವತ ಕುಗ್ಗುವಿಕೆಯ ಪರೀಕ್ಷೆ. ಅದನ್ನು ವಾಡಿಕೆಯಾಗಿ 22 ಅಥವಾ 72 ಗಂಟೆ ಮಾಡಿ ನಿಲ್ಲಿಸುತ್ತಾರೆ. ನಮ್ಮ ಬೇಸಿಗೆ ಮೂರು ದಿನದ್ದಲ್ಲ. ಖರೀದಿಸುವ ಇಲಾಖೆಗಳೂ ರೈತರ ಸಂಘಗಳೂ ಗರಿಷ್ಠ ಡಿಗ್ರಿಯ ಜಾಹೀರಾತಿಗೆ ಒಪ್ಪದೆ, 70 ಡಿಗ್ರಿಯಲ್ಲಿ 1000 ಗಂಟೆ ಒತ್ತಿಟ್ಟ ಫಲಿತಾಂಶವನ್ನು ಬರಹದಲ್ಲಿ ಕೇಳಬೇಕು.